ಹೆಸರು ಅಳಿಸಿಹೋದ ಬಾಟಲಿ: ಒಂದು ಮನೆ ಡೇಕೇರ್‌ನ ಪ್ರಕರಣ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮದು ಹಳೆಯ ಮನೆ. ಮಹಡಿಯಲ್ಲಿ ನಾವಿದ್ದೇವೆ. ಕೆಳಗಿನ ನಡುಮನೆ, ಎರಡು ಕೋಣೆ, ಅಡುಗೆಮನೆ ಮಕ್ಕಳಿಗೆ ಬಿಟ್ಟುಕೊಟ್ಟಿದ್ದೇನೆ. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಆರರವರೆಗೆ ಆರೇಳು ಮಕ್ಕಳು ಇರುತ್ತವೆ. ನನ್ನ ಜೊತೆ ಕೆಲಸಕ್ಕೆ ಒಬ್ಬರು ಅಕ್ಕ ಬರುತ್ತಾರೆ. ಮಕ್ಕಳನ್ನು ಎತ್ತಿ ಆಡಿಸುವುದರಲ್ಲಿ ಅವರಷ್ಟು ತಾಳ್ಮೆ ನನಗೂ ಇಲ್ಲ.

ಎರಡು ವರ್ಷದ ಹಿಂದೆ, ಏಪ್ರಿಲ್ ತಿಂಗಳ ಒಂದು ಮಂಗಳವಾರ, ನಮ್ಮಲ್ಲಿ ಒಂದು ಮಗುವಿಗೆ ಇನ್ನೊಬ್ಬ ತಾಯಿಯ ಹಾಲು ಕುಡಿಸಿಬಿಟ್ಟೆವು. ಮಗುವಿಗೆ ಏನೂ ಆಗಲಿಲ್ಲ. ಆದರೆ ಆ ದಿನ ಏನೇನು ತಪ್ಪಿತು, ಆಮೇಲೆ ಏನು ಬದಲಾಯಿಸಿದೆವು ಅನ್ನುವುದನ್ನು ಬರೆದಿಡಬೇಕು ಅನಿಸಿದೆ. ನನ್ನ ಹಾಗೆ ಮನೆಯಲ್ಲೇ ಕೂಸುಗಳನ್ನು ನೋಡಿಕೊಳ್ಳುವ ಹೆಂಗಸರು ಊರ ತುಂಬ ಇದ್ದಾರೆ. ಹಾಲಿನ ಬಾಟಲಿಯ ವಿಷಯದಲ್ಲಿ ನಮಗೆ ಯಾರೂ ಏನೂ ಕಲಿಸಿಲ್ಲ. ನಮ್ಮ ಮಕ್ಕಳನ್ನು ಸಾಕಿದ ಅನುಭವ ಒಂದೇ ಬಂಡವಾಳ. ಒಂದು ಮಗು ಇರುವ ಮನೆಯಲ್ಲಿ ಅದು ಸಾಕು. ಮೂರು ಕೂಸುಗಳ ಹಾಲು ಒಂದೇ ಫ್ರಿಜ್ಜಿನಲ್ಲಿ ಇರುವ ಮನೆಗೆ ಅದು ಸಾಲದು.

ಯಾರ ಹೆಸರನ್ನೂ ಹೇಳುವುದಿಲ್ಲ. ತಾಯಂದಿರ ಕೆಲಸದ ಮೇಲೆ ನಾವು ಮನೆಯಲ್ಲಿ ಕರೆಯುವ ಹಾಗೆಯೇ ಬರೆಯುತ್ತೇನೆ: ಬ್ಯಾಂಕ್ ಪಾಪು, ಟೀಚರ್ ಪಾಪು, ಲ್ಯಾಬ್ ಪಾಪು.

ಮೂರು ಕೂಸು, ಮೂರು ಥರದ ಹಾಲು

ಬ್ಯಾಂಕ್ ಪಾಪುವಿಗೆ ಆಗ ಏಳು ತಿಂಗಳು. 2017ರಲ್ಲಿ ಹೆರಿಗೆ ರಜೆಯ ಕಾನೂನು ತಿದ್ದುಪಡಿಯಾಗಿ, ಮೊದಲ ಎರಡು ಮಕ್ಕಳಿಗೆ 12 ವಾರ ಇದ್ದ ರಜೆ 26 ವಾರ ಆಯಿತಲ್ಲ, ಅದನ್ನು ಪೂರ್ತಿ ಮುಗಿಸಿ ಆಕೆ ಕೆಲಸಕ್ಕೆ ಹೋಗಿದ್ದರು. ದಿನಾ ಹಾಲು ಹಿಂಡಿ 120 ಮಿಲಿಲೀಟರಿನ ಎರಡು ಬಾಟಲಿ ಕಳಿಸುತ್ತಿದ್ದರು. ನಡುವೆ ರಾಗಿ ಸರಿ.

ಟೀಚರ್ ಪಾಪುವಿಗೆ ಐದು ತಿಂಗಳು. ಅವರ ಶಾಲೆಯಲ್ಲಿ ಸಿಕ್ಕ ರಜೆ ಕಡಿಮೆ. ಮಗು ನಾಲ್ಕು ತಿಂಗಳಿರುವಾಗಲೇ ನಮ್ಮಲ್ಲಿ ಬಿಟ್ಟರು. ಅದಕ್ಕೆ ತಾಯಿಯ ಹಾಲು ಬಿಟ್ಟು ಬೇರೆ ಏನೂ ಇಲ್ಲ, ನೀರೂ ಇಲ್ಲ. 90 ಮಿಲಿಲೀಟರಿನ ಮೂರು ಬಾಟಲಿ. ರಾತ್ರಿ ಎರಡು ಗಂಟೆಗೆ ಎದ್ದು, ಬೆಳಿಗ್ಗೆ ಐದಕ್ಕೆ ಎದ್ದು ಪಂಪಿನಲ್ಲಿ ತೆಗೆದ ಹಾಲು ಅದು. ಕೈಗೆ ಕೊಡುವಾಗ ಆಕೆಯ ಕಣ್ಣು ಕೆಂಪಗಿರುತ್ತಿತ್ತು.

ಲ್ಯಾಬ್ ಪಾಪು ಒಂಬತ್ತು ತಿಂಗಳಿನದು, ಡಬ್ಬಿ ಪುಡಿಯ ಹಾಲು ಕುಡಿಯುತ್ತಿತ್ತು. ಈ ಪ್ರಕರಣದಲ್ಲಿ ಅದರ ಪಾತ್ರ ಇಲ್ಲ. ಆದರೆ ಆಮೇಲೆ ಎಲ್ಲವನ್ನೂ ಕೆದಕಿ ನೋಡಿದಾಗ ಅಲ್ಲೂ ನಮ್ಮ ತಪ್ಪು ಸಿಕ್ಕಿತು.

ಆಗ ನಮ್ಮಲ್ಲಿದ್ದ ನಿಯಮ ಇಷ್ಟೇ: ಬಾಟಲಿಯ ಮೇಲೆ ಮಗುವಿನ ಹೆಸರು ಬರೆದು ಕಳಿಸಿ. ಕೈ ತೊಳೆಯದೆ ಬಾಟಲಿ ಮುಟ್ಟಬಾರದು. ಸಂಜೆ ಎಲ್ಲ ಬಾಟಲಿ ತೊಳೆದು, ಕುದಿಸಿ ವಾಪಸ್ ಕೊಡುತ್ತೇವೆ. ಶುಚಿಯ ವಿಷಯದಲ್ಲಿ ನಮ್ಮ ಮೇಲೆ ಬೆರಳು ತೋರಿಸುವ ಹಾಗಿರಲಿಲ್ಲ. ಅಷ್ಟಿದ್ದರೆ ಸಾಕು ಅಂತ ನಾನು ಮನಸಾರೆ ನಂಬಿದ್ದೆ.

ಆ ದಿನ

ಹಿಂದಿನ ರಾತ್ರಿ ಗಾಳಿ ಮಳೆ. ಬೆಳಿಗ್ಗೆ 10.40ಕ್ಕೆ ಕರೆಂಟ್ ಹೋಯಿತು. ಪಕ್ಕದ ರಸ್ತೆಯಲ್ಲಿ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದಿದೆ, ಯಾವಾಗ ಬರುತ್ತದೋ ಗೊತ್ತಿಲ್ಲ ಅಂದರು. ನಮ್ಮಲ್ಲಿ ಇನ್ವರ್ಟರ್ ಇದೆ, ಅದು ಫ್ಯಾನು ಲೈಟಿಗೆ ಮಾತ್ರ. ಫ್ರಿಜ್ಜಿಗೆ ಇಲ್ಲ.

ನನಗೆ ಗಾಬರಿಯಾಯಿತು. ಏಪ್ರಿಲ್ ಬಿಸಿಲು, ಒಳಗೆ ನಾಲ್ಕು ಬಾಟಲಿ ಎದೆಹಾಲು. ಫ್ರೀಜರಿನಿಂದ ಐಸ್ ತೆಗೆದು ಥರ್ಮಾಕೋಲ್ ಡಬ್ಬದಲ್ಲಿ ಹಾಕಿ, ಬಾಟಲಿಗಳನ್ನೆಲ್ಲ ಅದರಲ್ಲಿ ಇಟ್ಟೆವು. ಐಸ್ ಕರಗಿತು. ಬಾಟಲಿಗಳ ಮೇಲೆ ಸೆಲೋಟೇಪಿನಲ್ಲಿ ಅಂಟಿಸಿದ್ದ ಕಾಗದದ ಚೀಟಿಗಳು ಆ ನೀರಿನಲ್ಲಿ ಬಿಟ್ಟುಕೊಂಡವು. ಒಂದೆರಡು ಚೀಟಿ ತಳದಲ್ಲಿ ತೇಲುತ್ತಿದ್ದವು. ಉಳಿದವುಗಳ ಮೇಲೆ ಶಾಯಿ ಕದಡಿತ್ತು.

11.45ಕ್ಕೆ ಟೀಚರ್ ಪಾಪು ಎದ್ದು ಅಳಲು ಶುರು ಮಾಡಿತು. ನಾನು ದೊಡ್ಡ ಮಕ್ಕಳಿಗೆ ಅನ್ನ ಕಲಸುತ್ತಿದ್ದೆ. ಅಕ್ಕ ಡಬ್ಬದಿಂದ ಹಸಿರು ಮುಚ್ಚಳದ ಬಾಟಲಿ ತೆಗೆದು, ಬಿಸಿನೀರಿನ ಬಟ್ಟಲಲ್ಲಿ ಇಟ್ಟು, ಮಣಿಕಟ್ಟಿನ ಮೇಲೆ ಒಂದು ಹನಿ ಹಾಕಿ ನೋಡಿ, ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕುಡಿಸಲು ಕೂತರು. ಎಲ್ಲವೂ ಸರಿಯಾದ ಕ್ರಮದಲ್ಲೇ ನಡೆಯಿತು. ಬಾಟಲಿ ಮಾತ್ರ ಬೇರೆಯವರದು.

ನನ್ನ ಕಣ್ಣಿಗೆ ಬಿದ್ದದ್ದು ಗೆರೆ. ಮಗು ಎರಡು ಮೂರು ನಿಮಿಷ ಕುಡಿದ ಮೇಲೂ ಬಾಟಲಿಯಲ್ಲಿ ಹಾಲು 80ರ ಗೆರೆಯ ಮೇಲೆ ಇತ್ತು. ಟೀಚರ್ ಕಳಿಸುವುದೇ 90. ಎದೆ ಧಸಕ್ ಅಂದಿತು. ಡಬ್ಬ ನೋಡಿದರೆ 90ರ ಎರಡೂ ಬಾಟಲಿ ಹಾಗೇ ಕೂತಿದ್ದವು. ಮಗು ಸುಮಾರು 40 ಮಿಲಿಲೀಟರ್ ಬ್ಯಾಂಕ್ ಪಾಪುವಿನ ಹಾಲು ಕುಡಿದಿತ್ತು.

ಹೇಳಬೇಕೋ ಬೇಡವೋ

ಆ ಹೊತ್ತಿಗೆ ಪಕ್ಕದ ಮನೆಯ ಅಜ್ಜಿ ಬಂದಿದ್ದರು. ನನ್ನ ಮುಖ ನೋಡಿ ವಿಷಯ ಕೇಳಿಕೊಂಡು, "ಸುಮ್ನೆ ಇದ್ದುಬಿಡಮ್ಮ. ತಾಯಿ ಹಾಲು ತಾನೇ, ವಿಷ ಅಲ್ವಲ್ಲ. ನಮ್ಮ ಕಾಲದಲ್ಲಿ ಬಾಣಂತಿಗೆ ಹಾಲಿಲ್ಲ ಅಂದ್ರೆ ಓರಗಿತ್ತಿ ಕುಡಿಸ್ತಿದ್ಲು" ಅಂದರು.

ಅಜ್ಜಿ ಹೇಳಿದ್ದು ಸುಳ್ಳಲ್ಲ. ಎಷ್ಟೋ ಕೂಸುಗಳು ಹಾಗೆ ಬದುಕಿಕೊಂಡಿವೆ. ನನಗೂ ಆ ಮಾತು ಹಿಡಿದುಕೊಳ್ಳುವ ಆಸೆಯಾಯಿತು. ಹೇಳಿದರೆ ಇಬ್ಬರೂ ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತಾರೆ, ಬೀದಿಯಲ್ಲಿ ಮಾತಾಗುತ್ತದೆ ಅಂತ ಭಯ. ಹತ್ತು ಹದಿನೈದು ನಿಮಿಷ ಹಾಗೇ ಕಳೆದೆ. ಆ ಹದಿನೈದು ನಿಮಿಷ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಓರಗಿತ್ತಿ ಕುಡಿಸುವಾಗ ತಾಯಿಗೆ ಗೊತ್ತಿರುತ್ತಿತ್ತು. ಆಕೆ ಒಪ್ಪಿ ಮಗುವನ್ನು ಕೈಗೆ ಕೊಡುತ್ತಿದ್ದಳು. ಇಲ್ಲಿ ತಾಯಿಗೆ ಗೊತ್ತೇ ಇಲ್ಲ. ಇನ್ನೊಂದು ವಿಷಯ: ಎದೆಹಾಲಿನಲ್ಲಿ ತಾಯಿ ತೆಗೆದುಕೊಳ್ಳುವ ಕೆಲವು ಔಷಧಿ ಬರಬಹುದು, ಎಚ್‌ಐವಿಯಂಥ ಕೆಲವು ಸೋಂಕೂ ಬರಬಹುದು. 1989ರಲ್ಲಿ ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಅವರು ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ ಶುರು ಮಾಡಿದರು. ಈಗ ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲೂ ಅಂಥದ್ದಿದೆ. ಇಂಥ ಬ್ಯಾಂಕುಗಳಲ್ಲಿ ಹಾಲು ಕೊಡುವ ತಾಯಿಯ ರಕ್ತ ಪರೀಕ್ಷೆ ಮಾಡುತ್ತಾರೆ. ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಬಿಸಿ ಮಾಡುತ್ತಾರೆ. ಒಬ್ಬರ ಹಾಲು ಇನ್ನೊಬ್ಬರ ಮಗುವಿಗೆ ಹೋಗಬೇಕಾದರೆ ಅಲ್ಲಿ ಅಷ್ಟು ಜೋಪಾನ ಮಾಡುತ್ತಾರೆ. ನಮ್ಮಲ್ಲಿ ಅದು ಒಂದು ಒದ್ದೆ ಚೀಟಿಯ ಮೇಲೆ ನಿಂತಿತ್ತು.

12.05ಕ್ಕೆ ಟೀಚರಿಗೆ ಫೋನ್ ಮಾಡಿದೆ. ಕ್ಲಾಸಿನಲ್ಲಿದ್ದರು, ಎತ್ತಲಿಲ್ಲ. ಬ್ಯಾಂಕಿನ ತಾಯಿಗೆ ಮಾಡಿದೆ. ನಡೆದದ್ದನ್ನು ಹೇಳಿ, ತಪ್ಪಾಯಿತು ಅಂದೆ. ಆಕೆ ಬೈಯಲಿಲ್ಲ. ಒಂದು ಕ್ಷಣ ಸುಮ್ಮನಿದ್ದು, "ಸರಿ ಆಂಟಿ, ಈಗ ನನ್ನ ಮಗೂಗೆ ಏನು ಕುಡಿಸ್ತೀರಿ?" ಅಂದರು.

ನಾನು ಅದನ್ನು ಯೋಚಿಸಿಯೇ ಇರಲಿಲ್ಲ! ತಪ್ಪು ಹಾಲು ಕುಡಿದ ಮಗುವಿನ ಚಿಂತೆಯಲ್ಲಿ, ಹಾಲು ಕಳೆದುಕೊಂಡ ಮಗು ಮರೆತೇಹೋಗಿತ್ತು. ಅದರ ಮಧ್ಯಾಹ್ನದ ಪಾಲಿಗೆ ಇದ್ದದ್ದು ಅದೊಂದೇ ಬಾಟಲಿ. ಉಳಿದ 80 ಮಿಲಿಲೀಟರನ್ನು ಕೊಡುವ ಹಾಗಿಲ್ಲ, ಇನ್ನೊಂದು ಮಗುವಿನ ಬಾಯಿ ತಾಗಿದೆ. ಆಕೆ ಮ್ಯಾನೇಜರಿಗೆ ಹೇಳಿ ಆಟೋ ಹಿಡಿದು 12.50ಕ್ಕೆ ಬಂದರು. ನನ್ನ ಕೋಣೆಯಲ್ಲಿ ಕೂತು ಮಗುವಿಗೆ ಹಾಲು ಕೊಟ್ಟು ಹೋದರು.

ಟೀಚರ್ ಊಟದ ಬಿಡುವಿನಲ್ಲಿ ತಾವೇ ಫೋನ್ ಮಾಡಿದರು. "ಇನ್ನೊಬ್ಬ ತಾಯಿಯ ಹಾಲು" ಅಂತ ಮಾತ್ರ ಹೇಳಿದೆ, ಯಾರದು ಅಂತ ಹೇಳಲಿಲ್ಲ. ಆದರೆ ಎದೆಹಾಲು ಕಳಿಸುವವರು ಇಬ್ಬರೇ ಇದ್ದಾಗ ಅಂಥ ಗುಟ್ಟು ಎಷ್ಟು ಹೊತ್ತು ನಿಲ್ಲುತ್ತದೆ? ಆಕೆ ಅತ್ತರು. ಅರ್ಧ ದಿನ ರಜೆ ಹಾಕಿ ಮಗುವನ್ನು ಕರೆದುಕೊಂಡು ಮಕ್ಕಳ ಡಾಕ್ಟರ ಹತ್ತಿರ ಹೋದರು.

ಡಾಕ್ಟರ್ ಮೂರು ವಿಷಯ ಕೇಳಿದರಂತೆ. ಆ ತಾಯಿಗೆ ಬಸುರಿನಲ್ಲಿ ಮಾಡಿದ ಪರೀಕ್ಷೆಗಳ ಫಲ ಏನು? ಈಗ ಏನಾದರೂ ಔಷಧಿ ತೆಗೆದುಕೊಳ್ಳುತ್ತಿದ್ದಾರಾ? ಹಾಲು ಹಿಂಡಿ ಎಷ್ಟು ಹೊತ್ತಾಗಿತ್ತು, ಎಲ್ಲಿ ಇಟ್ಟಿದ್ದರು? ನಮ್ಮಲ್ಲಿ ಬಸುರಿಯರಿಗೆ ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಪರೀಕ್ಷೆ ಮಾಡಿಸುವುದು ವಾಡಿಕೆ. ತಾಯಿ ಕಾರ್ಡಿನಲ್ಲೋ ಆಸ್ಪತ್ರೆಯ ಫೈಲಿನಲ್ಲೋ ಅದು ಇರುತ್ತದೆ. ಹೆಪಟೈಟಿಸ್ ಬಿ ಎದೆಹಾಲಿನಿಂದ ಹರಡುವುದಿಲ್ಲ, ಎಚ್‌ಐವಿ ಕೂಡ ಒಂದು ಸಲ ಕುಡಿದದ್ದರಿಂದ ಬರುವ ಸಾಧ್ಯತೆ ತೀರಾ ಕಡಿಮೆ ಅಂತ ಡಾಕ್ಟರ್ ಸಮಾಧಾನ ಹೇಳಿದರು.

ಆ ರಿಪೋರ್ಟನ್ನು ಕೇಳುವುದು ನನಗೆ ಬಹಳ ಕಷ್ಟವಾಯಿತು. ಕೊಡಲೇಬೇಕು ಅಂತ ಯಾರೂ ಒತ್ತಾಯ ಮಾಡುವ ಹಾಗಿಲ್ಲ. ಬ್ಯಾಂಕಿನ ತಾಯಿ ಒಪ್ಪಿದರು, ನನ್ನ ಕೈಗೆ ಕೊಡದೆ ಟೀಚರಿಗೇ ಫೋಟೋ ತೆಗೆದು ಕಳಿಸಿದರು. ಅದೇ ಸರಿ. ಒಬ್ಬರ ಆರೋಗ್ಯದ ಕಾಗದ ನನ್ನ ಕೈಯಿಂದ ಓಡಾಡಬಾರದು.

ಸಂಜೆ ಟೀಚರ ಮನೆಯಿಂದ ಹಿರಿಯರೊಬ್ಬರು ಫೋನ್ ಮಾಡಿ, "ಅವರು ಯಾವ ಜನ?" ಅಂತ ಕೇಳಿದರು. ಆ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ ಅಂದೆ. ಮಗುವಿನ ಆರೋಗ್ಯಕ್ಕೆ ಬೇಕಾದ ಪ್ರಶ್ನೆ ಅದಲ್ಲ. ಈ ಥರದ ತಪ್ಪಾದಾಗ ಆ ಪ್ರಶ್ನೆ ಬರಬಹುದು ಅಂತ ನನ್ನ ಹಾಗೆ ಕೆಲಸ ಮಾಡುವವರು ತಯಾರಿರಬೇಕು ಅಂತ ಇಲ್ಲಿ ಬರೆದೆ.

ತಪ್ಪು ಎಲ್ಲಿ ಶುರುವಾಯಿತು

ಎಲ್ಲರೂ ಮೊದಲು ಹೇಳಿದ್ದು, ಕೆಲಸದವರ ತಪ್ಪು, ಅವರನ್ನು ಬಿಡಿಸಿ ಅಂತ. ಆ ರಾತ್ರಿ ನಾನು ಕೂತು ಒಂದೊಂದಾಗಿ ಹಿಂದಕ್ಕೆ ಹೋಗಿ ನೋಡಿದೆ.

ಅಕ್ಕ ಬಾಟಲಿ ಗುರುತು ಹಿಡಿಯುತ್ತಿದ್ದದ್ದು ಮುಚ್ಚಳದ ಬಣ್ಣದಿಂದ. ಟೀಚರದು ಹಸಿರು, ಬ್ಯಾಂಕಿನದು ನೀಲಿ. ಯಾಕೆ ಬಣ್ಣ? ಯಾಕೆಂದರೆ ಚೀಟಿಯ ಮೇಲೆ ತಂದೆತಾಯಿ ಹೆಸರು ಬರೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. ಅಕ್ಕನಿಗೆ ಕನ್ನಡ ಓದಲು ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ನಾನು ಅದನ್ನು ಒಂದು ದಿನವೂ ಕೇಳಿರಲಿಲ್ಲ. ಅವರೂ ಹೇಳಲು ನಾಚಿಕೊಂಡಿದ್ದರು. ಚೀಟಿ ಅಂಟಿಸಿದ್ದರೂ ಅಂಟಿಸದಿದ್ದರೂ ಅವರ ಪಾಲಿಗೆ ಒಂದೇ ಆಗಿತ್ತು.

ಇನ್ನು ಬಣ್ಣ ಯಾಕೆ ಕೈಕೊಟ್ಟಿತು? ಎರಡೂ ಮನೆಯವರು ಒಂದೇ ಕಂಪನಿಯ ಬಾಟಲಿ ತಂದಿದ್ದರು. ಹಿಂದಿನ ಸಂಜೆ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕುದಿಸಿ, ಒಂದೇ ತಟ್ಟೆಯಲ್ಲಿ ಒಣಗಿಸಿ, ಮುಚ್ಚಳ ಹಾಕಿ ಕೊಟ್ಟವಳು ನಾನು. ಹಸಿರು ಮುಚ್ಚಳ ಬ್ಯಾಂಕಿನ ಬಾಟಲಿಗೆ ಹೋಗಿತ್ತು. ಮನೆಯಲ್ಲಿ ಆ ತಾಯಿ ಗಮನಿಸದೆ ಅದರಲ್ಲೇ ಹಾಲು ತುಂಬಿ ಕಳಿಸಿದ್ದರು. ನಾನು ಹೆಮ್ಮೆ ಪಡುತ್ತಿದ್ದ ಶುಚಿಯ ಕೆಲಸದಲ್ಲೇ ತಪ್ಪಿನ ಬೇರು ಇತ್ತು.

ಮತ್ತೆ ಆ ಐಸ್ ಡಬ್ಬ. ಬಾಗಿಲು ತೆಗೆಯದೆ ಬಿಟ್ಟರೆ ಫ್ರಿಜ್ಜು ಕರೆಂಟ್ ಇಲ್ಲದೆ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಟ್ಟುಕೊಳ್ಳುತ್ತದೆ. ಕರೆಂಟ್ ಬಂದದ್ದು 1.10ಕ್ಕೆ. ನಾವು ಏನೂ ಮಾಡದೆ ಇದ್ದಿದ್ದರೆ ಬಾಟಲಿಗಳು ತಮ್ಮ ತಮ್ಮ ಜಾಗದಲ್ಲಿ, ಚೀಟಿ ಸಮೇತ, ತಣ್ಣಗೆ ಇರುತ್ತಿದ್ದವು.

ಅಕ್ಕನನ್ನು ಬಿಡಿಸಲಿಲ್ಲ. ಇವತ್ತಿಗೂ ನನ್ನ ಜೊತೆ ಇದ್ದಾರೆ.

ಹೆಸರು

ಮೊದಲು ಬದಲಾಯಿಸಿದ್ದು ಇದನ್ನು. ನಮ್ಮ ಕಡೆ ಮದುವೆ ಮುಂಜಿಗೆ ಕೊಡುವ ಸ್ಟೀಲ್ ಪಾತ್ರೆಯ ಮೇಲೆ ಹೆಸರು ಕೆತ್ತಿಸುತ್ತೇವೆ ಅಲ್ವಾ? ಎಷ್ಟು ವರ್ಷ ತಿಕ್ಕಿ ತೊಳೆದರೂ ಅದು ಹೋಗುವುದಿಲ್ಲ. ಪಾತ್ರೆ ಅಂಗಡಿಗೆ ಹೋಗಿ, ಮೂರು ಬಾಟಲಿ ನಿಲ್ಲುವಷ್ಟು ದೊಡ್ಡ ಸ್ಟೀಲ್ ಡಬ್ಬಿ ಕೊಂಡು, ಒಂದೊಂದರ ಮೇಲೆ ಒಂದೊಂದು ಮಗುವಿನ ಹೆಸರನ್ನು ಕನ್ನಡದಲ್ಲಿ ದಪ್ಪಕ್ಕೆ ಕೆತ್ತಿಸಿದೆ. ಫ್ರಿಜ್ಜಿನಲ್ಲಿ ಮಗುವಿನ ಬಾಟಲಿ ಆ ಡಬ್ಬಿಯ ಒಳಗೇ ಇರಬೇಕು. ಕರೆಂಟ್ ಹೋಗಿ ಸಾಗಿಸಬೇಕಾಗಿ ಬಂದರೆ ಡಬ್ಬಿ ಸಮೇತ ಸಾಗಿಸಬೇಕು, ಬಿಡಿ ಬಾಟಲಿ ಮುಟ್ಟುವ ಹಾಗಿಲ್ಲ.

ಬಾಟಲಿಯ ಮೇಲೂ ಹೆಸರು ಬೇಕು. ಚೀಟಿ ಬೇಡ, ಅಳಿಯದ ಮಾರ್ಕರ್ ಪೆನ್ನಿನಲ್ಲಿ ಬಾಟಲಿಯ ಮೈಮೇಲೆ, ಕನ್ನಡದಲ್ಲಿ. ಮುಚ್ಚಳದ ಮೇಲೆ ಬರೆದದ್ದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕನ್ನಡ ಬರೆಯಲು ಬಾರದ ತಂದೆತಾಯಿ ಇದ್ದರೆ ಮೊದಲ ದಿನ ನಾನೇ ಬರೆದುಕೊಡುತ್ತೇನೆ.

ಕುಡಿಸುವ ಮೊದಲು ಹೆಸರನ್ನು ಬಾಯಿಬಿಟ್ಟು ಓದಬೇಕು. ಮನಸ್ಸಿನಲ್ಲಿ ಅಲ್ಲ, ಗಟ್ಟಿಯಾಗಿ. ಬಾಟಲಿಯ ಮೇಲಿನ ಹೆಸರು ಹೇಳಿ, ಮಡಿಲಲ್ಲಿರುವ ಮಗುವಿನ ಹೆಸರು ಹೇಳಿ, ಇನ್ನೊಬ್ಬರು "ಹ್ಞೂಂ" ಅಂದ ಮೇಲೆ ಬಾಟಲಿ ಬಾಯಿಗೆ. ಮೊದಮೊದಲು ನಮಗೇ ಸಂಕೋಚವಾಗುತ್ತಿತ್ತು. ಈಗ ಎರಡು ವರ್ಷದ ಮಕ್ಕಳೂ ಪಕ್ಕದಲ್ಲಿ ನಿಂತು ಹೆಸರು ಕೂಗುತ್ತವೆ.

ಬಾಟಲಿ ಕುದಿಸುವುದನ್ನು ನಿಲ್ಲಿಸಿದೆವು. ಕೆಲವರಿಗೆ ಇದು ಹಿಂದಕ್ಕೆ ಹೋದ ಹಾಗೆ ಕಾಣಿಸಿತು. ಈಗ ಕುಡಿದಾದ ಬಾಟಲಿಯನ್ನು ಕೂಡಲೇ ನೀರಿನಲ್ಲಿ ಜಾಲಿಸಿ, ಅದೇ ಮಗುವಿನ ಚೀಲಕ್ಕೆ ಹಾಕಿಬಿಡುತ್ತೇವೆ. ಬಿಡಿಬಿಡಿ ಮಾಡಿ ಬ್ರಷ್ಷಿನಲ್ಲಿ ತೊಳೆದು, ಐದು ನಿಮಿಷ ಕುದಿಸಿ, ಬಟ್ಟೆಯಲ್ಲಿ ಒರೆಸದೆ ಗಾಳಿಗೆ ಒಣಗಿಸುವ ಕೆಲಸ ಅವರವರ ಮನೆಯದು. ದಿನಕ್ಕೆ ಬೇಕಾದಷ್ಟು ಬಾಟಲಿ ಬೆಳಿಗ್ಗೆಯೇ ಬರಬೇಕು. ನಮ್ಮಲ್ಲಿ ಎರಡು ಮಕ್ಕಳ ಬಾಟಲಿ ಈಗ ಒಂದೇ ನೀರು ಕಾಣುವುದಿಲ್ಲ.

ಹೊತ್ತು

ಡಾಕ್ಟರ ಮೂರನೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಲು ಯಾವಾಗ ಹಿಂಡಿದ್ದು? ನನಗೆ ಗೊತ್ತಿಲ್ಲ. ಫ್ರಿಜ್ಜು ಎಷ್ಟು ತಂಪಿದೆ? ಅದೂ ಗೊತ್ತಿಲ್ಲ.

ಈಗ ಬಾಟಲಿಯ ಮೇಲೆ ಹಿಂಡಿದ ದಿನ, ಗಂಟೆ ಇಲ್ಲದಿದ್ದರೆ ಬಾಗಿಲಲ್ಲೇ ಕೇಳಿ ಬರೆದುಕೊಳ್ಳುತ್ತೇನೆ. ಹೊಸದಾಗಿ ಹಿಂಡಿದ ಎದೆಹಾಲು 25 ಡಿಗ್ರಿಯ ಒಳಗೆ ಹೊರಗಡೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿ ನಾಲ್ಕು ದಿನ ಇರಬಹುದು. ಆದರೆ ಏಪ್ರಿಲಿನಲ್ಲಿ ನಮ್ಮ ಅಡುಗೆಮನೆ 25 ಡಿಗ್ರಿ ಎಲ್ಲಿರುತ್ತದೆ? ಹಾಗಾಗಿ ನಮ್ಮಲ್ಲಿ ಹೊರಗಿಡುವ ಮಾತೇ ಇಲ್ಲ. ಐಸ್ ಪ್ಯಾಕ್ ಇಟ್ಟ ಚೀಲದಲ್ಲಿ ಬರಬೇಕು, ಬಂದ ಕೂಡಲೇ ಫ್ರಿಜ್ಜಿಗೆ. ಬಾಗಿಲಿನ ತಟ್ಟೆಯಲ್ಲಿ ಇಡುವುದಿಲ್ಲ, ಅಲ್ಲಿ ತಂಪು ಏರಿಳಿಯುತ್ತದೆ. ಒಳಗಿನ ಹಲಗೆಯಲ್ಲಿ, ಹಿಂದಕ್ಕೆ ತಳ್ಳಿ ಇಡುತ್ತೇವೆ. ಒಂದು ಸಣ್ಣ ಥರ್ಮಾಮೀಟರ್ ಒಳಗೇ ಇದೆ. ಮೊದಲ ದಿನ ಅದನ್ನಿಟ್ಟು ನೋಡಿದರೆ ಒಳಗೆ 8 ಡಿಗ್ರಿ! ಇಷ್ಟು ದಿನ ಅದನ್ನೇ ತಂಪು ಅಂದುಕೊಂಡಿದ್ದೆವಲ್ಲ ಅಂತ ಬಹಳ ಬೇಜಾರಾಯಿತು.

ಫ್ರೀಜರಿನಿಂದ ಕರಗಿಸಿದ ಹಾಲು ಬಂದರೆ ಅದನ್ನು ಪೂರ್ತಿ ಕರಗಿದ 24 ಗಂಟೆಯೊಳಗೆ ಮುಗಿಸಬೇಕು, ಮತ್ತೆ ಗಟ್ಟಿ ಮಾಡಬಾರದು. ಬಿಸಿ ಮಾಡುವುದು ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಮಾತ್ರ. ಮೈಕ್ರೋವೇವ್‌ನಲ್ಲಿ ಹಾಲು ಅಲ್ಲಲ್ಲಿ ಕುದಿಯುವಷ್ಟು ಬಿಸಿಯಾಗಿ ಮಗುವಿನ ಬಾಯಿ ಸುಡಬಹುದು. ಇಟ್ಟ ಹಾಲಿನ ಮೇಲೆ ಕೆನೆ ಕಟ್ಟುತ್ತದೆ, ಅದು ಕೆಟ್ಟದ್ದಲ್ಲ, ಮೆಲ್ಲಗೆ ಸುತ್ತಿಸಿದರೆ ಬೆರೆಯುತ್ತದೆ. ಕೆಲವು ತಾಯಂದಿರ ಹಾಲು ಇಟ್ಟ ಮೇಲೆ ಸೋಪಿನ ವಾಸನೆ ಬರುತ್ತದೆ. ಅದನ್ನೂ ಚೆಲ್ಲಬೇಕಾಗಿಲ್ಲ. ಗೊತ್ತಿಲ್ಲದೆ ನಾವು ಮೊದಲು ಚೆಲ್ಲಿದ್ದೇವೆ, ಆ ಸಂಕಟ ಬೇರೆ.

ಉಳಿದ ಹಾಲಿನ ವಿಷಯದಲ್ಲಿ ತಾಯಂದಿರ ಜೊತೆ ನನಗೆ ಜಾಸ್ತಿ ಮಾತುಕತೆಯಾಯಿತು. ಮಗು ಬಾಯಿ ಇಟ್ಟ ಬಾಟಲಿಗೆ ಅದರ ಜೊಲ್ಲು ಸೇರುತ್ತದೆ. ಎದೆಹಾಲಾದರೆ ಕುಡಿಸಿ ಮುಗಿದು ಎರಡು ಗಂಟೆಯೊಳಗೆ ಉಳಿದದ್ದನ್ನು ಕೊಡಬಹುದು, ಆಮೇಲೆ ಚೆಲ್ಲಬೇಕು. ಚೆಲ್ಲಬೇಕು ಅಂದ ಕೂಡಲೇ ಟೀಚರ್ ಮುಖ ಬಾಡಿತು. "30 ಎಂಎಲ್ ಹಿಂಡೋಕೆ ಅರ್ಧ ಗಂಟೆ ಕೂತಿರ್ತೀನಿ ಆಂಟಿ" ಅಂದರು. ಆ ಮಾತನ್ನು ನಿಯಮ ತೋರಿಸಿ ಬಾಯಿಮುಚ್ಚಿಸಲು ನನಗೆ ಮನಸ್ಸಾಗಲಿಲ್ಲ. ಇಬ್ಬರೂ ಕೂತು ಲೆಕ್ಕ ಹಾಕಿದೆವು. ತಾಯಿ ದೂರ ಇರುವ ಒಂದೊಂದು ಗಂಟೆಗೆ ಮಗುವಿಗೆ ಸುಮಾರು 30ರಿಂದ 45 ಮಿಲಿಲೀಟರ್ ಸಾಕಾಗುತ್ತದೆ. 90ರ ಮೂರು ಬಾಟಲಿಯ ಬದಲು 60ರ ನಾಲ್ಕು, 30ರ ಒಂದು ಕಳಿಸಲು ಶುರು ಮಾಡಿದರು. ಮೊದಲು 60 ಕೊಡುತ್ತೇವೆ. ಇನ್ನೂ ಬೇಕು ಅಂತ ಬಾಯಿ ಹುಡುಕಿದರೆ 30. ಕುಡಿಸುವಾಗ ಬಾಟಲಿಯನ್ನು ಅಡ್ಡಕ್ಕೆ ಹಿಡಿದು, ನಡುನಡುವೆ ನಿಲ್ಲಿಸಿ, ಮಗು ಮುಖ ತಿರುಗಿಸಿದರೆ ಬಿಡುತ್ತೇವೆ. ಬಾಟಲಿ ಖಾಲಿ ಮಾಡಿಸಲೇಬೇಕು ಅನ್ನುವ ಹಟ ನಮ್ಮಲ್ಲಿ ಹೋಯಿತು. ಚೆಲ್ಲುವುದು ತುಂಬ ಕಡಿಮೆಯಾಯಿತು.

ಪುಡಿ ಹಾಲು, ಒಳಲೆ

ಲ್ಯಾಬ್ ಪಾಪುವಿನ ಹಾಲಿನಲ್ಲಿ ನಾವು ಮಾಡುತ್ತಿದ್ದ ತಪ್ಪು ಹೀಗೆ: ಬೆಳಿಗ್ಗೆ ನೀರು ಕುದಿಸಿ ಆರಿಸಿ ಇಟ್ಟು, ಬೇಕಾದಾಗ ಆ ತಣ್ಣನೆಯ ನೀರಿಗೆ ಪುಡಿ ಹಾಕಿ ಕಲಸುತ್ತಿದ್ದೆವು. ಡಬ್ಬಿಯ ಪುಡಿ ಸೂಕ್ಷ್ಮಾಣು ಇಲ್ಲದ ವಸ್ತು ಅಂತ ನಾನು ತಿಳಿದಿದ್ದೆ. ಅದು ಹಾಗಲ್ಲ. ಅಪರೂಪಕ್ಕೆ ಅದರಲ್ಲೂ ಕ್ರೊನೊಬ್ಯಾಕ್ಟರ್‌ನಂಥ ಕೆಟ್ಟ ಬ್ಯಾಕ್ಟೀರಿಯಾ ಇರಬಹುದು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2007ರ ಮಾರ್ಗಸೂಚಿಯಲ್ಲಿ 70 ಡಿಗ್ರಿಗಿಂತ ಕಡಿಮೆಯಿಲ್ಲದ ನೀರಿಗೆ ಪುಡಿ ಹಾಕಿ, ಆಮೇಲೆ ಬಾಟಲಿಯನ್ನು ತಣ್ಣೀರಿನಲ್ಲಿ ಹಿಡಿದು ಆರಿಸಲು ಹೇಳಿದೆ. ಕುದಿಸಿದ ನೀರನ್ನು ಅರ್ಧ ಗಂಟೆಗಿಂತ ಹೆಚ್ಚು ಬಿಡದೆ ಕಲಸಿದರೆ ಆ ಬಿಸಿ ಸಿಗುತ್ತದೆ. ಕ್ಯಾನ್ ನೀರಾದರೂ ಕುದಿಸಲೇಬೇಕು. ಪ್ರತಿ ಸಲ ಹೊಸದಾಗಿ ಕಲಸಿ, ಎರಡು ಗಂಟೆಯೊಳಗೆ ಕುಡಿಸಲು ಶುರು ಮಾಡಬೇಕು. ಕುಡಿಯಲು ಶುರು ಮಾಡಿ ಒಂದು ಗಂಟೆಯಾದರೆ ಉಳಿದದ್ದು ಚರಂಡಿಗೆ. ಚಮಚದ ಲೆಕ್ಕ ಡಬ್ಬಿಯ ಮೇಲೆ ಇದ್ದಂತೆಯೇ. ಶೀತ ಆಗಿದೆ ಅಂತ ನೀರು ಜಾಸ್ತಿ ಹಾಕಿ ತೆಳ್ಳಗೆ ಮಾಡಿ ಅಂತ ಯಾರು ಹೇಳಿದರೂ ನಾನು ಕೇಳುವುದಿಲ್ಲ, ಮಗುವಿನ ಹೊಟ್ಟೆಗೆ ಅನ್ಯಾಯ ಅದು.

ಒಂದು ಮನೆಯ ಅಜ್ಜಿ ಬಾಟಲಿ ಬೇಡವೇ ಬೇಡ ಅಂತ ಬೆಳ್ಳಿ ಒಳಲೆ, ಅಂದರೆ ಕೂಸಿಗೆ ಹಾಲು ಕುಡಿಸುವ ಮೂತಿ ಇರುವ ಪುಟ್ಟ ಬಟ್ಟಲು, ಕಳಿಸಿದರು. ಅವರ ಮಾತಿನಲ್ಲಿ ಬಲ ಇದೆ. ನಿಪ್ಪಲಿನ ಹಾಗೆ ಒಳಲೆಯಲ್ಲಿ ಸಂದುಗೊಂದು ಇಲ್ಲ, ಕುದಿಸಿದರೆ ಶುಭ್ರ. ಬಾಟಲಿಗಿಂತ ಬಟ್ಟಲು, ಚಮಚವೇ ಒಳ್ಳೆಯದು ಅಂತ ನಮ್ಮ ದೇಶದ ಆರೋಗ್ಯದವರೂ ಹೇಳುತ್ತಾರೆ. ಆದರೆ ಮಗುವನ್ನು ಒರಗಿಸಿಕೊಂಡು, ಹನಿಹನಿಯಾಗಿ, ಉಸಿರಿಗೆ ಹೋಗದ ಹಾಗೆ ಕುಡಿಸಲು ಇಪ್ಪತ್ತು ನಿಮಿಷವಾದರೂ ಬೇಕು. ಒಂದೇ ಹೊತ್ತಿಗೆ ಎರಡು ಕೂಸು ಅತ್ತರೆ ಆ ನಿಧಾನ ಉಳಿಯುವುದಿಲ್ಲ, ಅವಸರದಲ್ಲಿ ಒಳಲೆ ಹಾಕುವುದು ಅಪಾಯ. ಇದನ್ನು ಅಜ್ಜಿಗೆ ಹಾಗೇ ಹೇಳಿದೆ. ಆ ಮಗು ಒಂದೇ ಕೂಸಾಗಿದ್ದ ಎರಡು ತಿಂಗಳು ಒಳಲೆಯಲ್ಲೇ ಕುಡಿಸಿದೆವು. ಎರಡನೆಯ ಕೂಸು ಬಂದ ದಿನ ಒಳಲೆ ಅವರ ಮನೆಗೆ ಹೋಯಿತು.

ಕಾಗದದ ಮೇಲೆ

50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಅಂತ 2017ರ ತಿದ್ದುಪಡಿಯಲ್ಲಿದೆ. ನನ್ನ ಮನೆಗೆ ಬರುವ ತಾಯಂದಿರಲ್ಲಿ ಆ ಅನುಕೂಲ ಸಿಕ್ಕವರು ಯಾರೂ ಇಲ್ಲ. ನನ್ನ ಫ್ರಿಜ್ಜಿನ ಬಾಗಿಲು ತೆಗೆದು ನೋಡಲು ಇದುವರೆಗೆ ಯಾರೂ ಬಂದಿಲ್ಲ. ಅದಕ್ಕೇ ನಿಯಮವನ್ನು ನಾವೇ ಬರೆದುಕೊಂಡೆವು. ಎರಡು ಪುಟ, ಕನ್ನಡದಲ್ಲಿ, ಫ್ರಿಜ್ಜಿನ ಬಾಗಿಲಿಗೆ ಒಂದು ಪ್ರತಿ, ಮಗು ಸೇರಿಸುವ ದಿನ ತಂದೆತಾಯಿ ಕೈಗೆ ಒಂದು ಪ್ರತಿ.

ತಪ್ಪಾದರೆ ಏನು ಮಾಡಬೇಕು ಅನ್ನುವುದನ್ನೂ ಅದರಲ್ಲಿ ಬರೆದಿದ್ದೇವೆ. ಕುಡಿಸುವುದನ್ನು ಆ ಕ್ಷಣವೇ ನಿಲ್ಲಿಸಬೇಕು. ಬಾಟಲಿ ಚೆಲ್ಲದೆ ಎಷ್ಟು ಕುಡಿದಿದೆ ಅಂತ ಗುರುತು ಮಾಡಬೇಕು. ಬೇರೆ ಯಾರ ಅಭಿಪ್ರಾಯಕ್ಕೂ ಕಾಯದೆ ಎರಡೂ ತಾಯಂದಿರಿಗೆ ಫೋನ್ ಮಾಡಬೇಕು. ಫೋನ್ ಎತ್ತದಿದ್ದರೆ ಕೆಲಸದ ಜಾಗದ ನಂಬರಿಗೆ ಮಾಡಬೇಕು. ಮಕ್ಕಳ ಡಾಕ್ಟರಿಗೆ ತೋರಿಸಿದ ಖರ್ಚು ನನ್ನದು. ನೋಟ್‌ಬುಕ್ಕಿನಲ್ಲಿ ಗಂಟೆ ಸಮೇತ ಬರೆದು, ತಂದೆತಾಯಿಗೆ ತೋರಿಸಬೇಕು.

ಟೀಚರ್ ಮೂರು ವಾರ ಮಗುವನ್ನು ಕಳಿಸಲಿಲ್ಲ. ಆಮೇಲೆ ಒಂದು ಶನಿವಾರ ಒಬ್ಬರೇ ಬಂದು, ಆ ಎರಡು ಪುಟ ಕೂತು ಓದಿದರು. ಫ್ರಿಜ್ಜು ತೆಗೆದು ನೋಡಿದರು. ಅಕ್ಕನ ಕೈಗೆ ಒಂದು ಬಾಟಲಿ ಕೊಟ್ಟು ಹೆಸರು ಓದಿಸಿದರು. ಸೋಮವಾರದಿಂದ ಮಗು ಬಂತು.

ಎರಡನೆಯ ಪುಟದ ಕೊನೆಯ ಪ್ರಶ್ನೆ ಬ್ಯಾಂಕಿನ ತಾಯಿಯಿಂದ ಬಂದದ್ದು: "ಮಗುವಿನ ಹಾಲು ಸಾಲದೆ ಹೋದರೆ, ಕೆಟ್ಟರೆ, ಚೆಲ್ಲಿದರೆ, ಆಗ ಏನು ಕೊಡಬೇಕು?" ಇದಕ್ಕೆ ನಾವು ಉತ್ತರ ಹೇಳುವುದಿಲ್ಲ, ತಂದೆತಾಯಿಯೇ ಬರೆಯಬೇಕು. ಕೆಲವರು ಡಬ್ಬಿ ಪುಡಿಯ ಹೆಸರು ಬರೆದು, ಒಡೆಯದ ಒಂದು ಡಬ್ಬಿ ನಮ್ಮಲ್ಲಿ ಇಟ್ಟಿದ್ದಾರೆ. ಕೆಲವರು ನಮ್ಮ ಫ್ರೀಜರಿನಲ್ಲಿ ಒಂದು ಚೀಲ ಎದೆಹಾಲು ಇಡಿಸಿದ್ದಾರೆ. ಆರು ತಿಂಗಳು ದಾಟಿದ ಮಕ್ಕಳಿಗೆ ರಾಗಿ ಸರಿ ಅಂತ ಬರೆದವರೂ ಇದ್ದಾರೆ. ಬ್ಯಾಂಕಿನ ತಾಯಿ ಬರೆದದ್ದು ಹೀಗೆ: "ನನಗೆ ಫೋನ್ ಮಾಡಿ, ಆಟೋದಲ್ಲಿ ಇಪ್ಪತ್ತು ನಿಮಿಷ. ನಾನು ಬರುವವರೆಗೆ ಎತ್ತಿಕೊಂಡು ಹೊರಗೆ ನಿಂತು ಹಸು ತೋರಿಸಿ, ಅಳಲ್ಲ."